ಬೆಂಗಳೂರಿನ ಕಾರು ಆಸಕ್ತರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗಿನ ಜಾವ ಹೆಬ್ಬಾಳದ ಮೇಲ್ಸೇತುವೆ ದಾಟಿ ದೇವನಹಳ್ಳಿ ಕಡೆಗೆ ಹೊರಟು, ದಾರಿಯಲ್ಲಿ ಇಡ್ಲಿ-ಕಾಫಿಗೆ ನಿಂತು, ವಾಹನ ದಟ್ಟಣೆ ಶುರುವಾಗುವ ಮೊದಲೇ ಮನೆಗೆ ಮರಳುವ ನಮ್ಮ ಗೆಳೆಯರ ಬಳಗಕ್ಕೆ ಹೊಸಬರು ಸೇರುತ್ತಲೇ ಇರುತ್ತಾರೆ. ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಪ್ರತಿ ಸಲ ಬಾಯಲ್ಲಿ ಹೇಳುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕಾರಿನ ಶಕ್ತಿಯನ್ನು ಹೆಚ್ಚಿಸುವುದಕ್ಕಿಂತ ಮೊದಲು ಕಾರಿನ ಹಿಡಿತವನ್ನೂ ಓಡಿಸುವವರ ಕೈಯನ್ನೂ ಸರಿಪಡಿಸಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕೆಳಗಿನ ಉತ್ತರಗಳೆಲ್ಲ ಆ ಅಭಿಪ್ರಾಯದಿಂದಲೇ ಹುಟ್ಟಿದವು.

ಕಾರಿನ ಓಟ ಸುಧಾರಿಸಬೇಕೆಂದರೆ ಮೊದಲ ಖರ್ಚು ಯಾವುದಕ್ಕೆ ಮಾಡಬೇಕು?

ಮೊದಲು ಟೈರಿಗೆ, ಆಮೇಲೆ ಬ್ರೇಕಿಗೆ, ಅದಾದ ಮೇಲೆ ಸಸ್ಪೆನ್ಷನ್ನಿನಲ್ಲಿ ಸವೆದುಹೋದ ಬುಷ್ ಎಂಬ ರಬ್ಬರ್ ತುಂಡುಗಳಿಗೆ. ಎಂಜಿನ್ನಿನ ಸರದಿ ಬರುವುದು ಇವೆಲ್ಲ ಮುಗಿದ ನಂತರ. ಒಂದು ಟನ್ನಿಗೂ ಹೆಚ್ಚು ತೂಕದ ಕಾರು ರಸ್ತೆಯನ್ನು ಮುಟ್ಟುವುದು ಅಂಗೈ ಅಗಲದ ನಾಲ್ಕು ತುಂಡು ರಬ್ಬರಿನ ಮೂಲಕ ಮಾತ್ರ. ವೇಗ ಹೆಚ್ಚಿಸಿದರೂ, ನಿಲ್ಲಿಸಿದರೂ, ತಿರುಗಿಸಿದರೂ ಕೆಲಸವೆಲ್ಲ ಆ ನಾಲ್ಕು ತುಂಡುಗಳಲ್ಲೇ ಆಗಬೇಕು. ಟೈರಿನ ಪಕ್ಕದ ಗೋಡೆಯ ಮೇಲೆ ಡಾಟ್ (DOT) ಸಂಕೇತದ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಅಲ್ಲಿ 2321 ಎಂದಿದ್ದರೆ ಆ ಟೈರು ತಯಾರಾದದ್ದು 2021ರ 23ನೇ ವಾರದಲ್ಲಿ ಎಂದರ್ಥ. ಅಂಗಡಿಯಲ್ಲಿ ಹೊಸದೆಂದು ಕೊಡುವ ಟೈರಿನಲ್ಲೂ ಈ ಅಂಕಿಯನ್ನು ಬಗ್ಗಿ ನೋಡಿಯೇ ಹಣ ಕೊಡಿ. ಗಾಡಿ ಹೆಚ್ಚು ಓಡದೆ ಬಿಸಿಲಲ್ಲೇ ನಿಂತಿದ್ದರೆ ಗೆರೆಗಳು ಆಳವಾಗಿಯೇ ಉಳಿದು, ರಬ್ಬರು ಮಾತ್ರ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಗೆರೆಗಳ ನಡುವಿನ ಸವೆತದ ಗುರುತು 1.6 ಮಿ.ಮೀ. ಆಳವನ್ನು ತೋರಿಸುತ್ತದೆ, ಅಲ್ಲಿಯವರೆಗೆ ಕಾಯದೆ, ನಮ್ಮ ಮಳೆಗಾಲವನ್ನು ನೆನೆದು 3 ಮಿ.ಮೀ. ಇರುವಾಗಲೇ ಬದಲಾಯಿಸುವುದು ಒಳ್ಳೆಯದು.

ಬ್ರೇಕಿನ ವಿಷಯದಲ್ಲಿ ಎಲ್ಲರೂ ದೊಡ್ಡ ಡಿಸ್ಕಿನ ಬಗ್ಗೆ ಕೇಳುತ್ತಾರೆ, ಬ್ರೇಕ್ ಆಯಿಲ್ ಬಗ್ಗೆ ಕೇಳುವವರು ಕಡಿಮೆ. ಈ ದ್ರವಕ್ಕೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣವಿದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿಕೊಂಡ ನಂತರ ಅದೇ ದ್ರವದ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆಗಳು ಏಳುತ್ತವೆ, ಕಾಲಿನ ಒತ್ತಡವೆಲ್ಲ ಗುಳ್ಳೆಯನ್ನು ಅಮುಕುವುದರಲ್ಲೇ ಮುಗಿದು ಪ್ಯಾಡಿಗೆ ತಲುಪುವುದೇ ಇಲ್ಲ. ಚೆನ್ನೈನ ರೇಸ್ ಟ್ರ್ಯಾಕಿಗೆ ನಾನು ಮೊದಲ ಬಾರಿ ಹೋದಾಗ ನನ್ನ ಕಾರಿನಲ್ಲಿದ್ದದ್ದು ಮೂರು ವರ್ಷ ಹಳೆಯ ದ್ರವ. ನಾಲ್ಕನೆಯ ಸುತ್ತಿನಲ್ಲಿ ನೇರ ದಾರಿಯ ಕೊನೆಗೆ ಬ್ರೇಕ್ ಒತ್ತಿದರೆ ಪೆಡಲು ನೆನೆದ ಸ್ಪಂಜಿನಂತೆ ಮೆತ್ತಗೆ ಕೆಳಗಿಳಿಯುತ್ತಾ ಹೋಯಿತು. ಎರಡು ಮೂರು ಸಲ ಪಟಪಟನೆ ಒತ್ತಿ, ಗೇರ್ ಇಳಿಸಿ, ಟ್ರ್ಯಾಕಿನ ಹೊರಗಿನ ಮಣ್ಣಿನಲ್ಲಿ ಗಾಡಿ ನಿಲ್ಲಿಸಿದೆ. ಮರುದಿನ ಮೆಕ್ಯಾನಿಕ್ ಹಳೆಯ ದ್ರವವನ್ನು ಬಾಟಲಿಗೆ ಇಳಿಸಿದಾಗ ಅದು ಕಷಾಯದ ಬಣ್ಣಕ್ಕೆ ತಿರುಗಿತ್ತು. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸುವ ಖರ್ಚು ಒಳ್ಳೆಯ ಟೈರೊಂದರ ಬೆಲೆಗಿಂತ ಬಹಳ ಕಡಿಮೆ.

ಟೈರಿನಲ್ಲಿ ಗಾಳಿ ಎಷ್ಟಿರಬೇಕು? ನೈಟ್ರೋಜನ್ ಹಾಕಿಸಬೇಕೆ?

ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಥವಾ ಪೆಟ್ರೋಲ್ ಮುಚ್ಚಳದ ಒಳಗೆ ಅಂಟಿಸಿರುವ ಚೀಟಿಯಲ್ಲಿ ಇರುವಷ್ಟು, ಅದೂ ಟೈರು ತಣ್ಣಗಿರುವಾಗ. ಬಂಕಿಗೆ ಹತ್ತು ಕಿಲೋಮೀಟರ್ ಓಡಿಸಿಕೊಂಡು ಹೋಗಿ ಅಳೆದರೆ ಬಿಸಿಯಾದ ಗಾಳಿಯ ಒತ್ತಡ ಎರಡು ಮೂರು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಮನೆಯಲ್ಲೇ ಒಂದು ಅಳತೆಯ ಗೇಜ್ ಇಟ್ಟುಕೊಂಡು ಬೆಳಿಗ್ಗೆ ನೋಡಿಕೊಳ್ಳಿ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇರುವುದರಿಂದ ಅದಕ್ಕಾಗಿ ಬೇರೆ ಹಣ ಕೊಡುವ ಅಗತ್ಯ ನನಗೆ ಕಂಡಿಲ್ಲ.

ಬೆಂಗಳೂರಿನಲ್ಲಿ ನನ್ನ ಕಾರಿನ ಪಿಕಪ್ ಮಂಗಳೂರಿನಲ್ಲಿದ್ದಷ್ಟು ಇಲ್ಲವಲ್ಲ, ಏಕೆ?

ನಿಮ್ಮ ಅನಿಸಿಕೆ ಸರಿಯಾಗಿಯೇ ಇದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದು, ಇಲ್ಲಿನ ವಾಯುಭಾರ ಕರಾವಳಿಗಿಂತ ಸುಮಾರು ಶೇ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗುವುದರಿಂದ, ಕಾಗದದ ಮೇಲೆ ನೂರು ಅಶ್ವಶಕ್ತಿಯ ಕಾರು ಇಲ್ಲಿ ತೊಂಬತ್ತರ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಟರ್ಬೊ ಇರುವ ಎಂಜಿನ್ ಗಾಳಿಯನ್ನು ಅದುಮಿ ಒಳಗೆ ಕಳಿಸುವುದರಿಂದ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ನಮ್ಮ ಊರಿನ ಆಸಕ್ತರಲ್ಲಿ ಸಣ್ಣ ಟರ್ಬೊ ಪೆಟ್ರೋಲ್ ಕಾರುಗಳ ಮೇಲೆ ಇಷ್ಟೊಂದು ಪ್ರೀತಿ ಇರುವುದಕ್ಕೆ ಇದೂ ಒಂದು ಕಾರಣವೆಂದು ನಾನು ಭಾವಿಸಿದ್ದೇನೆ.

ಎಂಜಿನ್ ರಿಮ್ಯಾಪ್ ಮಾಡಿಸಬಹುದೆ? ಎಕ್ಸಾಸ್ಟ್ ಬದಲಾಯಿಸಬಹುದೆ?

ಟರ್ಬೊ ಎಂಜಿನ್ನಿನಲ್ಲಿ ರಿಮ್ಯಾಪ್, ಅಂದರೆ ಎಂಜಿನ್ ನಿಯಂತ್ರಿಸುವ ಸಾಫ್ಟ್‌ವೇರಿನ ಬದಲಾವಣೆ, ಮಾಡಿಸಿದರೆ ಶಕ್ತಿ ಹೆಚ್ಚುವುದು ನಿಜ. ಆದರೆ ಕ್ಲಚ್, ಗೇರ್‌ಬಾಕ್ಸ್, ಬ್ರೇಕು, ತಣಿಸುವ ವ್ಯವಸ್ಥೆ ಎಲ್ಲವೂ ಮೊದಲಿನ ಶಕ್ತಿಗೆ ತಕ್ಕಂತೆ ತಯಾರಾಗಿರುತ್ತವೆ ಎಂಬುದನ್ನು ಮರೆಯಬಾರದು. ವಾರಂಟಿ ಅವಧಿಯಲ್ಲಿ ಮಾಡಿಸಿ, ಸರ್ವಿಸ್ ದಿನ ಹಳೆಯ ಮ್ಯಾಪ್ ತುಂಬಿಸಿದರೆ ಗೊತ್ತಾಗುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಸಾಫ್ಟ್‌ವೇರ್ ಎಷ್ಟು ಬಾರಿ ಬದಲಾಗಿದೆ ಎಂಬ ಲೆಕ್ಕ ಅನೇಕ ಕಾರುಗಳ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಒಳಗೇ ಉಳಿದಿರುತ್ತದೆ.

ಕಾನೂನಿನ ಮಾತು ಬೇರೆಯೇ ಇದೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, ಮತ್ತು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ನಂತರ ಪರಿಹಾರ ಕೇಳುವಾಗ ಅಡ್ಡ ಬರುತ್ತದೆ. ಜೋರು ಸದ್ದಿನ ಎಕ್ಸಾಸ್ಟ್ ವಿಷಯದಲ್ಲಿ ನನ್ನ ಬೇಡಿಕೆ ಇಷ್ಟೇ: ಮಲಗಿರುವ ಮಗುವನ್ನೂ ಕಾಯಿಲೆಯವರನ್ನೂ ಎಬ್ಬಿಸುವ ಸದ್ದಿನಿಂದ ಕಾರು ಒಂದು ಚೂರೂ ವೇಗವಾಗುವುದಿಲ್ಲ, ದಯವಿಟ್ಟು ಬೇಡ.

ಸ್ಟೀರಿಂಗ್ ಹಿಂದೆ ಹೇಗೆ ಕುಳಿತುಕೊಳ್ಳಬೇಕು?

ನಮ್ಮಲ್ಲಿ ಹೆಚ್ಚಿನವರು ಸೀಟನ್ನು ಅಗತ್ಯಕ್ಕಿಂತ ಹಿಂದಕ್ಕೆ ತಳ್ಳಿ, ಒರಗಿಕೊಂಡು, ಒಂದು ಕೈಯನ್ನು ಗೇರಿನ ಮೇಲೆ ಬಿಟ್ಟು ಓಡಿಸುತ್ತಾರೆ. ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಬೆನ್ನು ಸೀಟಿಗೆ ತಾಗಿರುವಾಗ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಯಲ್ಲಿ ಕೂರಬೇಕು. ಕೈಗಳು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿರಲಿ. ಹೀಗೆ ಕುಳಿತರೆ ಮುಂದಿನ ಚಕ್ರಗಳ ಹಿಡಿತ ಸಡಿಲಾಗುವುದು ಅಂಗೈಗೂ, ಹಿಂದಿನದು ಸೊಂಟಕ್ಕೂ ಕಣ್ಣಿಗಿಂತ ಮೊದಲೇ ತಿಳಿಯುತ್ತದೆ. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ತಿರುವನ್ನು ಸರಿಯಾಗಿ ತೆಗೆದುಕೊಳ್ಳುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಕೊಡುವುದೆಂದರೆ ನನಗೆ ಬಹಳ ಇಷ್ಟ, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ. ಟೈರಿನ ಹಿಡಿತ ತಿಂಗಳ ಸಂಬಳದ ಹಾಗೆ: ಇರುವುದು ಇಷ್ಟೇ, ಬ್ರೇಕಿಗೆ ಎಷ್ಟು ಖರ್ಚಾಯಿತೋ ಅಷ್ಟು ತಿರುಗುವುದಕ್ಕೆ ಕಡಿಮೆಯಾಗುತ್ತದೆ. ಹಾಗಾಗಿ ಕಲಿಯುವ ಹಂತದಲ್ಲಿ ಮೂರು ಕೆಲಸಗಳನ್ನು ಬೇರೆ ಬೇರೆಯಾಗಿ ಮಾಡಿ. ಕಾರು ನೇರವಾಗಿರುವಾಗಲೇ ಬ್ರೇಕ್ ಹಿಡಿದು ಗೇರ್ ಇಳಿಸಿ ಮುಗಿಸಿರಿ. ಆಮೇಲೆ ಸ್ಟೀರಿಂಗನ್ನು ಒಂದೇ ನಯವಾದ ಚಲನೆಯಲ್ಲಿ ತಿರುಗಿಸಿ. ತಿರುವಿನ ಆಚೆಯ ದಾರಿ ಕಣ್ಣಿಗೆ ಬಿದ್ದು, ಸ್ಟೀರಿಂಗ್ ನೇರಕ್ಕೆ ಮರಳಲು ಶುರುವಾದ ಮೇಲೆ ಎಕ್ಸಲರೇಟರನ್ನು ಹಂತಹಂತವಾಗಿ ಒತ್ತಿ. ನಿಧಾನವಾಗಿ ಒಳಗೆ ಹೋದವರು ವೇಗವಾಗಿ ಹೊರಗೆ ಬರುತ್ತಾರೆ. ವೇಗವಾಗಿ ಒಳನುಗ್ಗಿದವರು ನಡುವೆ ಗಾಬರಿಯಿಂದ ಬ್ರೇಕ್ ತುಳಿಯುತ್ತಾರೆ, ಅಪಾಯ ಇರುವುದು ಅಲ್ಲಿ.

ಕಾರಿನ ತೂಕ ಒಂದೇ ಕಡೆ ನಿಲ್ಲುವುದಿಲ್ಲ. ಬ್ರೇಕ್ ಹಿಡಿದರೆ ತೂಕ ಮುಂದಿನ ಚಕ್ರಗಳಿಗೆ ಜಾರಿ ಅಲ್ಲಿ ಹಿಡಿತ ಹೆಚ್ಚುತ್ತದೆ, ಹಿಂದೆ ಹಗುರವಾಗುತ್ತದೆ. ಎಕ್ಸಲರೇಟರ್ ಒತ್ತಿದರೆ ಇದು ತಿರುಗುಮುರುಗಾಗುತ್ತದೆ. ನಾವು ಓಡಿಸುವ ಬಹುಪಾಲು ಕಾರುಗಳಲ್ಲಿ ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೇ ಹೋಗುವುದರಿಂದ, ತಿರುವಿನಲ್ಲಿ ವೇಗ ಹೆಚ್ಚಾದಾಗ ಕಾರು ಸ್ಟೀರಿಂಗ್ ಹೇಳಿದ್ದನ್ನು ಕೇಳದೆ ಹೊರಗಿನ ಅಂಚಿಗೆ ಎಳೆಯುತ್ತದೆ. ಆಗ ಎಲ್ಲರ ಕೈಯೂ ಸ್ಟೀರಿಂಗನ್ನು ಇನ್ನಷ್ಟು ತಿರುಗಿಸಲು ಹೋಗುತ್ತದೆ. ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ: ಎಕ್ಸಲರೇಟರಿನಿಂದ ಕಾಲನ್ನು ಮೆಲ್ಲಗೆ ಸಡಿಲಿಸಿ, ಸ್ಟೀರಿಂಗನ್ನು ಸ್ವಲ್ಪ ನೇರಕ್ಕೆ ತಂದರೆ, ತೂಕ ಮುಂದಕ್ಕೆ ಬಂದು ಟೈರು ಮತ್ತೆ ರಸ್ತೆಯನ್ನು ಕಚ್ಚುತ್ತದೆ. ಕಾಲನ್ನು ಒಮ್ಮೆಲೇ ಕಿತ್ತರೆ ಹಿಂಭಾಗ ಹಗುರವಾಗಿ ಬೀಸಿಕೊಳ್ಳಬಹುದು. ಇನ್ನು ದೃಷ್ಟಿ. ಎದುರಿನ ಹೊಂಡವನ್ನೇ ದಿಟ್ಟಿಸಿದರೆ ಕೈಯೂ ಕಾರನ್ನು ಅಲ್ಲಿಗೇ ಒಯ್ಯುತ್ತದೆ, ಹೋಗಬೇಕಾದ ದಾರಿಯನ್ನು ನೋಡಿದರೆ ಅಲ್ಲಿಗೆ. ಇದನ್ನು ನಿಮ್ಮ ಬಡಾವಣೆಯ ವೃತ್ತದಲ್ಲಿ ಮೂವತ್ತರ ವೇಗದಲ್ಲೇ ಅಭ್ಯಾಸ ಮಾಡಬಹುದು.

ಟ್ರ್ಯಾಕಿನಲ್ಲಿ ತಿರುವಿಗೆ ಹೊರ ಅಂಚಿನಿಂದ ಹೊಕ್ಕು, ಒಳ ಅಂಚು ಮುಟ್ಟಿ, ಮತ್ತೆ ಹೊರ ಅಂಚಿಗೆ ಬರುವ ಗೆರೆಯನ್ನು ನಂದಿ ಬೆಟ್ಟದ ರಸ್ತೆಗೆ ತರಬೇಡಿ. ಅಲ್ಲಿ ನಿಮ್ಮ ಪಾಲು ನಿಮ್ಮ ಬದಿಯ ಅರ್ಧ ರಸ್ತೆ ಮಾತ್ರ. ಬೆಳಗಿನ ಮಂಜಿನಲ್ಲಿ ತಿರುವಿನ ಆಚೆ ಸೈಕಲ್ ತುಳಿಯುವವರು, ಸೂರ್ಯೋದಯ ನೋಡಲು ಹೊರಟ ಬೈಕುಗಳು, ಹಸು ಮೇಯಿಸುವ ಅಜ್ಜಿ, ಯಾರು ಬೇಕಾದರೂ ಇರಬಹುದು. ಕಣ್ಣಿಗೆ ಕಾಣುವ ದೂರದಲ್ಲಿ ಪೂರ್ತಿ ನಿಲ್ಲಿಸಲು ಆಗುವಷ್ಟೇ ವೇಗ ಅಲ್ಲಿ ಸಲ್ಲುತ್ತದೆ.

ಘಟ್ಟ ಇಳಿಯುವಾಗ ಬ್ರೇಕು ಬಿಸಿಯಾಗದಂತೆ ಹೇಗೆ ನೋಡಿಕೊಳ್ಳುವುದು?

ಹತ್ತುವಾಗ ಯಾವ ಗೇರಿನಲ್ಲಿ ಹತ್ತಿದಿರೋ ಇಳಿಯುವಾಗಲೂ ಆ ಗೇರಿನಲ್ಲೇ ಇಳಿಯಿರಿ ಎಂದು ನಮ್ಮ ಹಿರಿಯ ಲಾರಿ ಚಾಲಕರು ಹೇಳುತ್ತಿದ್ದ ಮಾತು ಇಂದಿಗೂ ಸರಿ. ಆಗುಂಬೆಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವುದು ತಪ್ಪು. ಗೇರಿನಲ್ಲಿದ್ದು ಎಕ್ಸಲರೇಟರ್ ಬಿಟ್ಟರೆ ಈಗಿನ ಎಂಜಿನ್‌ಗಳು ಇಂಧನವನ್ನು ಪೂರ್ತಿ ನಿಲ್ಲಿಸುತ್ತವೆ; ನ್ಯೂಟ್ರಲ್‌ನಲ್ಲಿಯೇ ಅದು ಖರ್ಚಾಗುವುದು. ಬ್ರೇಕಿನ ಮೇಲೆ ಕಾಲನ್ನು ಸದಾ ಇಟ್ಟುಕೊಳ್ಳದೆ, ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟು, ತಣಿಯಲು ಸಮಯ ಕೊಡಿ.

ಮೈಸೂರು ಹೆದ್ದಾರಿ ಅಷ್ಟು ಚೆನ್ನಾಗಿದೆ, ಅಲ್ಲಿ ಸ್ವಲ್ಪ ವೇಗವಾಗಿ ಹೋದರೆ ಏನಾಗುತ್ತದೆ?

ಲೆಕ್ಕ ಹಾಕಿ ನೋಡೋಣ. ಅಪಾಯ ಕಂಡ ಮೇಲೆ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಬೇಕೆಂದಿಟ್ಟುಕೊಳ್ಳಿ. ಒಣ ರಸ್ತೆಯಲ್ಲಿ, ಒಳ್ಳೆಯ ಟೈರಿನಲ್ಲಿ, ಗಂಟೆಗೆ 60 ಕಿ.ಮೀ. ವೇಗದಿಂದ ನಿಲ್ಲಲು ಒಟ್ಟು ಸುಮಾರು 45 ಮೀಟರ್ ಬೇಕಾಗುತ್ತದೆ, 100 ಕಿ.ಮೀ. ವೇಗದಿಂದ ಸುಮಾರು 97 ಮೀಟರ್, 130 ಕಿ.ಮೀ. ವೇಗದಿಂದ ಸುಮಾರು 147 ಮೀಟರ್. ವೇಗ ದುಪ್ಪಟ್ಟಾದರೆ ಬ್ರೇಕ್ ಹಿಡಿದ ನಂತರದ ದೂರ ನಾಲ್ಕು ಪಟ್ಟಾಗುತ್ತದೆ. ನೂರೈವತ್ತು ಮೀಟರ್ ಮುಂದೆ ರಸ್ತೆಗೆ ಬಿದ್ದಿರುವ ಕಬ್ಬಿನ ಜಲ್ಲೆಯನ್ನು ಮುಸ್ಸಂಜೆಯಲ್ಲಿ ಗುರುತಿಸಲು ನಿಮಗೆ ಆಗುತ್ತದೆಯೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಅಲ್ಲಿನ ಮಿತಿ ಗಂಟೆಗೆ 100 ಕಿ.ಮೀ., ಕ್ಯಾಮೆರಾಗಳಿವೆ. 130 ಕಿ.ಮೀ. ಮೀರಿದವರ ಮೇಲೆ ಎಫ್‌ಐಆರ್ ದಾಖಲಿಸುವ ಕ್ರಮ ರಾಜ್ಯದಲ್ಲಿ 2024ರ ಆಗಸ್ಟ್‌ನಿಂದ ಜಾರಿಗೆ ಬಂದಿದೆ. ಇನ್ನು ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ಪಂದ್ಯ ನಡೆಸುವುದು ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ನಮ್ಮ ಬಳಗದಲ್ಲಿ ರಸ್ತೆಯ ಮೇಲೆ ಪಂದ್ಯಕ್ಕೆ ಕರೆದವರನ್ನು ಮತ್ತೆ ಕರೆಯುವುದಿಲ್ಲ.

ಡಿಸಿಟಿ ಗೇರ್‌ಬಾಕ್ಸ್ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತದೆಯಂತೆ, ನಿಜವೆ?

ಡಿಸಿಟಿ ಎಂದರೆ ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ ಇರುವ ಮಾದರಿಗಳಲ್ಲಿ ಆ ಸಂಭವ ಇದೆ. ಆಟೊಮ್ಯಾಟಿಕ್ ಎಂದು ಹೇಳಿದರೂ ಒಳಗಿರುವುದು ಕ್ಲಚ್ಚೇ. ತೆವಳುವ ವೇಗದಲ್ಲಿ ಅದು ಅರ್ಧ ಹಿಡಿದ ಸ್ಥಿತಿಯಲ್ಲಿ ಜಾರುತ್ತಾ ಬಿಸಿಯಾಗುತ್ತದೆ. ಮುಂದಿನ ಗಾಡಿ ಎರಡು ಅಡಿ ಸರಿದರೆ ನೀವೂ ಎರಡು ಅಡಿ ಸರಿಯಬೇಡಿ. ಹತ್ತು ಹದಿನೈದು ಅಡಿ ಜಾಗವಾಗಲು ಬಿಟ್ಟು, ಬ್ರೇಕ್ ಪೂರ್ತಿ ಬಿಟ್ಟು, ಒಮ್ಮೆಗೇ ಮುಂದೆ ಹೋಗಿ. ಆ ಜಾಗಕ್ಕೆ ಆಟೋದವರು ನುಗ್ಗುತ್ತಾರೆ ಎಂಬುದು ನಿಜ, ನುಗ್ಗಲಿ ಬಿಡಿ. ಮೇಲ್ಸೇತುವೆಯ ಏರಿನಲ್ಲಿ ಎಕ್ಸಲರೇಟರ್ ಒತ್ತಿ ಗಾಡಿಯನ್ನು ತಡೆದು ನಿಲ್ಲಿಸಿಕೊಳ್ಳುವುದು ಕ್ಲಚ್ಚಿಗೆ ಎಲ್ಲಕ್ಕಿಂತ ಕೆಟ್ಟದ್ದು.

ಡೀಸೆಲ್ ಕಾರಿನಲ್ಲಿ ಡಿಪಿಎಫ್ ದೀಪ ಹತ್ತಿಕೊಳ್ಳುತ್ತದೆ, ಏನು ಮಾಡಬೇಕು?

ಡಿಪಿಎಫ್ ಎಂದರೆ ಹೊಗೆಯ ಮಸಿಯನ್ನು ಹಿಡಿಯುವ ಸೋಸುಬಲೆ. ಬಿಎಸ್ 6 ಮಾಲಿನ್ಯ ಮಾನದಂಡದ ಡೀಸೆಲ್ ಕಾರುಗಳಲ್ಲಿ ಅದರೊಳಗೆ ಸೇರುವ ಮಸಿ, ಎಕ್ಸಾಸ್ಟ್ ಸುಮಾರು 600 ಡಿಗ್ರಿಗೆ ಬಿಸಿಯಾದಾಗ ಉರಿದುಹೋಗುತ್ತದೆ. ದಿನವೂ ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಅದು ಅಷ್ಟು ಬಿಸಿಯಾಗುವುದೇ ಇಲ್ಲ. ದೀಪ ಬಂದ ಕೂಡಲೇ ತುಮಕೂರು ರಸ್ತೆಯಂಥ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿಕೊಂಡು ಬನ್ನಿ. ಓಡಾಟವೆಲ್ಲ ನಗರದೊಳಗೇ ಇದ್ದರೆ ಡೀಸೆಲ್ ಕೊಳ್ಳಬೇಡಿ.

ಎಂಜಿನ್ ಆಯಿಲ್ ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು?

ಕೈಪಿಡಿಯಲ್ಲಿ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷ ಎಂದಿರುತ್ತದೆ. ಆದರೆ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ಸರಾಸರಿಯಲ್ಲಿ ಅಷ್ಟು ದೂರ ಓಡಲು ಎಂಜಿನ್ 125 ಗಂಟೆ ದುಡಿಯುತ್ತದೆ. ನಮ್ಮ ಊರಿನಲ್ಲಿ 20 ಕಿ.ಮೀ. ಸರಾಸರಿ ಎಂದುಕೊಂಡರೆ 500 ಗಂಟೆ. ಕೈಪಿಡಿಯನ್ನೇ ಗಮನವಿಟ್ಟು ಓದಿದರೆ ಕಠಿಣ ಬಳಕೆಗೆ ಬೇರೆ ಅವಧಿ ಬರೆದಿರುತ್ತಾರೆ. ಟರ್ಬೊ ಪೆಟ್ರೋಲ್ ಕಾರಿಗೆ ನಾನು 7,500 ಕಿ.ಮೀ. ದಾಟಲು ಬಿಡುವುದಿಲ್ಲ. ವೇಗವಾಗಿ ಓಡಿಸಿ ಬಂದ ಮೇಲೆ ಕೊನೆಯ ಎರಡು ಕಿಲೋಮೀಟರ್ ನಿಧಾನವಾಗಿ ಬಂದರೆ ಟರ್ಬೊ ತಾನಾಗಿಯೇ ತಣಿಯುತ್ತದೆ.

ಹೆಚ್ಚು ಆಕ್ಟೇನ್ ಅಂಕಿಯ ಪೆಟ್ರೋಲ್ ಹಾಕಿಸಿದರೆ ಶಕ್ತಿ ಹೆಚ್ಚುತ್ತದೆಯೆ? ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್‌ನಿಂದ ಮೈಲೇಜ್ ಇಳಿಯುತ್ತದೆಯೆ?

ಆಕ್ಟೇನ್ ಅಂಕಿ ಇಂಧನವು ತಾನಾಗಿ ಹೊತ್ತಿಕೊಳ್ಳದಂತೆ ತಡೆಯುವ ಗುಣವನ್ನು ಹೇಳುತ್ತದೆಯೇ ಹೊರತು ಶಕ್ತಿಯನ್ನಲ್ಲ. ಹೆಚ್ಚು ಒತ್ತಡದ ಟರ್ಬೊ ಎಂಜಿನ್‌ಗಳು ಅದನ್ನು ಬಳಸಿಕೊಳ್ಳಬಲ್ಲವು, ಸಾಮಾನ್ಯ ಎಂಜಿನ್ನಿಗೆ ಲಾಭವಿಲ್ಲ. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ ಇರುವುದರಿಂದ ಮೈಲೇಜ್ ಇಳಿಯುವುದು ಸಹಜ. ಹಳೆಯ ಕಾರುಗಳಲ್ಲಿ ಶೇ 6–7ರಷ್ಟು ಇಳಿಕೆಯಾಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಹಳೆಯ ಕಾರಿನವರು ಇಂಧನದ ರಬ್ಬರ್ ಪೈಪುಗಳನ್ನು ಪ್ರತಿ ಸರ್ವಿಸ್‌ನಲ್ಲೂ ಮುಟ್ಟಿ ನೋಡಲು ಮೆಕ್ಯಾನಿಕ್‌ಗೆ ಹೇಳಿ.

ಮಳೆಯಲ್ಲಿ ಅಂಡರ್‌ಪಾಸ್‌ನಲ್ಲಿ ನೀರು ತುಂಬಿದ್ದರೆ ದಾಟಬಹುದೆ?

ಬೇಡ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಎಷ್ಟೊಂದು ಕಾರುಗಳು ಮುಳುಗಿದವೆಂದು ನಾವೆಲ್ಲ ಕಂಡಿದ್ದೇವೆ. ನೀರಿನಲ್ಲಿ ಎಂಜಿನ್ ನಿಂತರೆ ಎಂಥ ಸಂದರ್ಭದಲ್ಲೂ ಮತ್ತೆ ಸ್ಟಾರ್ಟ್ ಮಾಡಬೇಡಿ. ನೀರನ್ನು ಅದುಮಲು ಸಾಧ್ಯವಿಲ್ಲದ ಕಾರಣ ಸಿಲಿಂಡರಿನೊಳಗೆ ಹೋದ ನೀರು ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡನ್ನು ಬಗ್ಗಿಸಿಬಿಡುತ್ತದೆ. ಸಾಮಾನ್ಯ ವಿಮೆಯಲ್ಲಿ ಈ ನಷ್ಟ ಸೇರಿರುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಬೆಂಗಳೂರಿನವರಿಗೆ ಅಗತ್ಯ.

ಹಳೆಯ ಪೋಲೊ ಜಿಟಿ ಅಥವಾ ಪುಂಟೊ ಅಬಾರ್ತ್ ಕೊಳ್ಳಬಹುದೆ?

ಮನಸ್ಸಿದ್ದರೆ ಕೊಳ್ಳಿ, ನಾನು ತಡೆಯುವುದಿಲ್ಲ. 145 ಅಶ್ವಶಕ್ತಿಯ ಅಬಾರ್ತ್ ಓಡಿಸಿದವರ ಮುಖ ನೋಡಿದವರಿಗೆ ಕಾರಣ ಗೊತ್ತು. ಕೊಳ್ಳುವ ಮುನ್ನ, ರಾತ್ರಿಯಿಡೀ ನಿಂತ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಕೇಳಿ. ನೀವು ಬರುವ ಮೊದಲೇ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆ ಎನ್ನಿ. ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಗಾಡಿಯ ಮೇಲಿರುವುದಕ್ಕೆ ಹೋಲಿಸಿ, ಸಾಲ ತೀರಿದ ಪತ್ರವನ್ನು ನೋಡಿ. ಹೊರ ರಾಜ್ಯದ ನೋಂದಣಿಯ ಕಾರು ಅಗ್ಗವಾಗಿ ಕಂಡರೆ ನಮ್ಮ ಆಜೀವ ತೆರಿಗೆಯನ್ನು ಸೇರಿಸಿ ಲೆಕ್ಕ ಹಾಕಿ. ಇಲ್ಲಿನ ತೆರಿಗೆ ದೇಶದಲ್ಲೇ ಹೆಚ್ಚಿನವುಗಳ ಸಾಲಿನಲ್ಲಿದೆ. ಬಿಡಿಭಾಗಗಳಿಗೆ ಜೆ.ಸಿ. ರಸ್ತೆ ಇದೆ, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ ಅಂಗಡಿಗಳಿವೆ. ಆದರೆ ಬ್ರೇಕ್ ಪ್ಯಾಡು, ಸ್ಟೀರಿಂಗಿನ ಭಾಗಗಳು, ಏರ್‌ಬ್ಯಾಗುಗಳನ್ನು ಗುಜರಿಯಿಂದ ತರಬೇಡಿ.

ಟ್ರ್ಯಾಕಿನಲ್ಲಿ ಓಡಿಸಲು ಎಲ್ಲಿಗೆ ಹೋಗಬೇಕು, ಏನೇನು ಸಿದ್ಧ ಮಾಡಿಕೊಳ್ಳಬೇಕು?

ನಮಗೆ ಹತ್ತಿರದ ದೊಡ್ಡ ಟ್ರ್ಯಾಕ್ ಚೆನ್ನೈ ಹೆದ್ದಾರಿಯಲ್ಲೇ, ಶ್ರೀಪೆರಂಬದೂರು ದಾಟಿದ ಮೇಲೆ ಇರುಂಗಾಟುಕೋಟೈನಲ್ಲಿದೆ. ಅದರ ಪೂರ್ತಿ ಸುತ್ತು 3.7 ಕಿ.ಮೀ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅದಕ್ಕಿಂತ ಚಿಕ್ಕದು, ಹೊಸಬರಿಗೆ ಒಳ್ಳೆಯದು. ಅದಕ್ಕೂ ಮೊದಲು ನಗರದಲ್ಲೇ ಗೋ-ಕಾರ್ಟ್ ಓಡಿಸಿ. ತಿರುವಿನ ಪಾಠವನ್ನು ಅಷ್ಟು ಕಡಿಮೆ ಖರ್ಚಿನಲ್ಲಿ ಇನ್ನಾವುದೂ ಕಲಿಸುವುದಿಲ್ಲ. ರಸ್ತೆ ವಿಮೆ ಟ್ರ್ಯಾಕಿನಲ್ಲಿ ಅನ್ವಯಿಸುವುದಿಲ್ಲ, ರೇಸಿಂಗ್ ಮತ್ತು ವೇಗ ಪರೀಕ್ಷೆಯನ್ನು ಪಾಲಿಸಿಯಲ್ಲೇ ಹೊರಗಿಟ್ಟಿರುತ್ತಾರೆ. ಆದ್ದರಿಂದ ಪೆಟ್ಟಾದರೆ ಕೈಯಿಂದ ಕೊಡಬೇಕಾದ ಹಣದ ಅಂದಾಜು ಮೊದಲೇ ಇರಲಿ.

ಹೊರಡುವ ಮುನ್ನ ಹೊಸ ಬ್ರೇಕ್ ಆಯಿಲ್ ಹಾಕಿಸಿ, ಪ್ಯಾಡು ಅರ್ಧಕ್ಕಿಂತ ಹೆಚ್ಚು ಉಳಿದಿದೆಯೇ ನೋಡಿ, ಚಕ್ರದ ನಟ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ಪಾನೆಯಿಂದ ಬಿಗಿಗೊಳಿಸಿ, ಡಿಕ್ಕಿಯಲ್ಲಿರುವ ಜ್ಯಾಕು, ನೀರಿನ ಬಾಟಲಿ, ಕಾಲಡಿಯ ಮ್ಯಾಟು ಎಲ್ಲವನ್ನೂ ಹೊರಗೆ ತೆಗೆದಿಡಿ. ಟ್ರ್ಯಾಕಿನಲ್ಲಿ ಮೊದಲ ಸುತ್ತು ಟೈರು ಬಿಸಿಯಾಗಲು, ಆಮೇಲೆ ಮೂರು ನಾಲ್ಕು ಸುತ್ತು ಓಡಿಸಿ, ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಮುಗಿಸಿ. ಒಳಗೆ ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಕಾದ ಡಿಸ್ಕಿಗೆ ಪ್ಯಾಡು ಅಂಟಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಸಂಜೆ ವಾಪಸು ಹೊರಡುವಾಗ ಟೈರಿನ ಗಾಳಿಯನ್ನು ಮತ್ತೆ ಚೀಟಿಯಲ್ಲಿರುವಷ್ಟಕ್ಕೆ ತನ್ನಿ, ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿ, ಮತ್ತು ಹೆದ್ದಾರಿಗೆ ಇಳಿದ ಮೊದಲ ಅರ್ಧ ಗಂಟೆ ಸ್ಪೀಡೋಮೀಟರಿನ ಮೇಲೆ ಕಣ್ಣಿಡಿ. ಟ್ರ್ಯಾಕಿನಿಂದ ಬಂದ ಕಣ್ಣಿಗೆ ನೂರು ಕಿಲೋಮೀಟರ್ ವೇಗವೂ ನಲವತ್ತರಂತೆ ಕಾಣುತ್ತದೆ.